ಟಕ್ ಅಂದರೆ ಸಾಕು

ನಮ್ಮ ಪಕ್ಕದ ಮನೆಯ ಶಂಭುಲಿಂಗಪ್ಪನಿಗೆ ಅಮೆರಿಕದ ರಿಮೋಟು ಸಿಕ್ಕಿದ್ದು ಅವನ ಆಫೀಸಿನಲ್ಲಿ ಬೇರೆ ಯಾರಿಗೂ ಅದು ಬೇಡವಾಗಿದ್ದರಿಂದ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಅವನು ಜಯನಗರದ ತುಂಬ ಹೇಳಿಕೊಂಡು ತಿರುಗಿದ್ದೇ ಬೇರೆ. ಅವನ ಸಾಹೇಬರಾದ ಅನಂತರಾಮು ಆರು ತಿಂಗಳ ತರಬೇತಿಗೆಂದು ಅಮೆರಿಕಕ್ಕೆ ಹೋಗಿದ್ದಾಗ ಇವನನ್ನು ನೆನೆಯದೆ ಒಂದು ದಿನವೂ ಊಟ ಮಾಡಲಿಲ್ಲವಂತೆ. ಇವನಿಗೆಂದೇ ಅಂಗಡಿ ಅಂಗಡಿ ಸುತ್ತಿ, ಆರಿಸಿ, ಇದನ್ನು ತಂದರಂತೆ. ನಡೆದದ್ದು ಇಷ್ಟು: ಹೆಡ್ ಗುಮಾಸ್ತೆಗೆ ಪೆನ್ನು ಸಿಕ್ಕಿತು, ಟೈಪಿಸ್ಟಿಗೆ ಉಗುರು ಕತ್ತರಿಸುವ ಯಂತ್ರ ಸಿಕ್ಕಿತು, ಜವಾನನಿಗೆ ಕೂಡ ಹೋಟೆಲಿನ ಸೋಪು ಸಿಕ್ಕಿತು. ಉಳಿದದ್ದು ಇದೊಂದು. ಉಳಿದ ಮನುಷ್ಯ ಶಂಭುಲಿಂಗಪ್ಪ.

ಅಂಗೈ ಅಗಲದ ಕಂದು ಬಣ್ಣದ ಪೆಟ್ಟಿಗೆ ಅದು. ಮೇಲೆ ನಾಲ್ಕು ಗುಂಡಿಗಳು. ಒತ್ತಿದರೆ ಒಳಗೆ ಯಾರೋ ಸಣ್ಣ ಸುತ್ತಿಗೆಯಲ್ಲಿ ಹೊಡೆದ ಹಾಗೆ ಟಕ್ ಅನ್ನುತ್ತಿತ್ತು. ತಂತಿಯಿಲ್ಲ, ಬ್ಯಾಟರಿಯಿಲ್ಲ. ಸಾಹೇಬರು ಹೇಳಿದ್ದಿಷ್ಟು: "ಅಲ್ಲಿ ಇದನ್ನ ಒತ್ತಿದ್ರೆ ದೂರದಲ್ಲಿರೋ ಟೆಲಿವಿಷನ್ನು ಹತ್ಕೊಳುತ್ತೆ ಕಣ್ರೀ. ಕುರ್ಚಿ ಬಿಟ್ಟು ಏಳೋ ಹಾಗೇ ಇಲ್ಲ." ಆ ಕೊನೆಯ ಮಾತು ಶಂಭುಲಿಂಗಪ್ಪನ ಎದೆಗೆ ನೇರವಾಗಿ ನಾಟಿತು. ಕುರ್ಚಿ ಬಿಟ್ಟು ಏಳದಿರುವುದೇ ಅವನ ಜೀವಮಾನದ ಗುರಿಯಾಗಿತ್ತು.

ಇದು ಅರವತ್ತಮೂರನೆಯ ಇಸವಿಯ ಮಾತು. ಬೆಂಗಳೂರಿನಲ್ಲಿ ಆಗ ಟೆಲಿವಿಷನ್ ಎಂಬುದನ್ನು ಕಣ್ಣಿನಲ್ಲಿ ಕಂಡವರಿರಲಿಲ್ಲ. ದೆಹಲಿಯಲ್ಲಿ ಏನೋ ಶುರುವಾಗಿದೆಯಂತೆ, ಮಾತಾಡುವವರ ಮುಖವೂ ಕಾಣುತ್ತದಂತೆ ಎಂದು ಪತ್ರಿಕೆಯಲ್ಲಿ ಓದಿ ತಲೆ ಅಲ್ಲಾಡಿಸಿದ್ದೆವು, ಅಷ್ಟೆ. ಟೆಲಿವಿಷನ್ ಇಲ್ಲದ ಊರಿನಲ್ಲಿ ಅದರ ರಿಮೋಟು ಇಟ್ಟುಕೊಂಡು ಏನು ಮಾಡುವುದು? ಬೇರೆಯವರಾಗಿದ್ದರೆ ಕಾಗದ ಹಾರದಂತೆ ಮೇಜಿನ ಮೇಲೆ ಇಡುತ್ತಿದ್ದರು. ಶಂಭುಲಿಂಗಪ್ಪ ಹಾಗಲ್ಲ. "ಟೆಲಿವಿಷನ್ನೂ ಒಂದು ಥರಾ ರೇಡಿಯೋನೇ ತಾನೆ? ಅಣ್ಣ ಕೇಳೋ ಮಾತನ್ನ ತಮ್ಮ ಕೇಳಲ್ವಾ?" ಎಂದು ತೀರ್ಮಾನಿಸಿ ಮಾವ ಕೊಟ್ಟ ಹಳೆಯ ರೇಡಿಯೋದ ಮುಂದೆ ಕುರ್ಚಿ ಹಾಕಿಕೊಂಡು ಕೂತ.

ನಾವು ಬಾಡಿಗೆಗಿದ್ದದ್ದು ಬೈರಸಂದ್ರದ ಚಿಕ್ಕಬೈರಪ್ಪನ ಜಾಗದಲ್ಲಿ. ಚಿಕ್ಕಬೈರಪ್ಪ ಮೊದಲು ರೈತ. ಹೊಲವೆಲ್ಲ ಬಡಾವಣೆಗೆ ಹೋದ ಮೇಲೆ ಉಳಿದ ಜಾಗದಲ್ಲಿ ಮುಂದೆ ತನಗೊಂದು ಮನೆ, ಹಿಂದೆ ಎರಡು ಔಟ್‌ಹೌಸು ಕಟ್ಟಿಸಿದ್ದ. ಒಂದರಲ್ಲಿ ಶಂಭುಲಿಂಗಪ್ಪ, ಇನ್ನೊಂದರಲ್ಲಿ ನಾನು, ಗಂಗಾಧರಯ್ಯ, ಮಿಡ್ಲ್‌ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ತಂತಿ ಉಳಿಸುವ ಸಲುವಾಗಿ ಚಿಕ್ಕಬೈರಪ್ಪ ಒಂದೊಂದು ಔಟ್‌ಹೌಸಿಗೆ ಒಂದೇ ಒಂದು ಪ್ಲಗ್ ಪಾಯಿಂಟು ಹಾಕಿಸಿದ್ದ, ಅದೂ ಅಡಿಗೆಮನೆಯಲ್ಲಿ. ಹಾಗಾಗಿ ಶಂಭುಲಿಂಗಪ್ಪನ ರೇಡಿಯೋ ಹಜಾರದ ಗೂಡಿನಲ್ಲಿ, ಅದರ ಸ್ವಿಚ್ಚು ಅಡಿಗೆಮನೆಯ ಒಲೆಯ ಪಕ್ಕದಲ್ಲಿ, ನಡುವೆ ಗೋಡೆಗೊಂದು ತೂತು ಕೊರೆದು ತಂತಿ. ರೇಡಿಯೋದ ತಿರುಗಣೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಹಾಕುವುದು, ಆರಿಸುವುದು ಎಲ್ಲ ಅವನ ಹೆಂಡತಿ ಸರ್ವಮಂಗಳಮ್ಮನ ಕೆಲಸ. ಈ ತೂತನ್ನೂ ಈ ಸ್ವಿಚ್ಚನ್ನೂ ದಯವಿಟ್ಟು ಮರೆಯಬೇಡಿ.

ಮೂರು ದಿನ ಅವನು ಒತ್ತಿದ. ಎಡಗೈಯಲ್ಲಿ ಒತ್ತಿದ, ಬಲಗೈಯಲ್ಲಿ ಒತ್ತಿದ. ಪೂರ್ವಕ್ಕೆ ನಿಂತು ಒತ್ತಿದ. ರಿಮೋಟಿಗೆ ಬಾಯಿಂದ ಊದಿದ, ಸೀಮೆಎಣ್ಣೆಯಲ್ಲಿ ಒರೆಸಿದ, ಹಪ್ಪಳದ ಜೊತೆ ಬಿಸಿಲಿಗಿಟ್ಟ. ಸರ್ವಮಂಗಳಮ್ಮ ಪೊರಕೆ ಹಿಡಿದು ನಡುವೆ ಹಾದರೆ "ಅಡ್ಡ ಬರ್ಬೇಡ ಕಣೆ, ತರಂಗ ನಿನಗೆ ತಗುಲಿ ಬಿದ್ದೋಗ್ತವೆ" ಎಂದು ಕೂಗಾಡಿದ. ರೇಡಿಯೋ ಮಾತ್ರ ಮಾವನ ಮನೆಯ ಬಿಗುಮಾನ ಬಿಡಲಿಲ್ಲ.

ನಾಲ್ಕನೆಯ ಸಂಜೆ ಆರು ಗಂಟೆಗೆ ಅವನು ಎಂದಿನಂತೆ ಒತ್ತುತ್ತ ಕೂತಿದ್ದಾಗ ರೇಡಿಯೋದ ದೀಪ ಹತ್ತಿತು. ಅರ್ಧ ನಿಮಿಷ ಗುಂಯ್ ಎಂದು ಬಿಸಿಯಾಗಿ, ಆಮೇಲೆ ಬಾಯಿಬಿಟ್ಟು ಭಕ್ತಿಗೀತೆ ಹಾಡತೊಡಗಿತು. ಸರ್ವಮಂಗಳಮ್ಮ ದಿನವೂ ಆರು ಗಂಟೆಗೆ ಕೇಳುವ ಹಾಡು ಅದು. ಗಂಡನ ಗಲಾಟೆಗೆ ಮೂರು ದಿನ ಬಿಟ್ಟಿದ್ದವಳು ಅವತ್ತು ತಡೆಯಲಾರದೆ ಒಳಗಿನಿಂದ ಸ್ವಿಚ್ಚು ಹಾಕಿದ್ದಳು. ಅದನ್ನು ವಿಚಾರಿಸುವಷ್ಟು ವ್ಯವಧಾನ ಶಂಭುಲಿಂಗಪ್ಪನಿಗೆಲ್ಲಿ? ಪಂಚೆ ಎತ್ತಿ ಕಟ್ಟಿಕೊಂಡು ನೇರವಾಗಿ ನನ್ನ ಬಾಗಿಲಿಗೆ ಬಂದ.

"ಮೇಷ್ಟ್ರೆ! ಹತ್ಕೊಂಡ್ತು! ಕೂತಲ್ಲಿಂದಲೇ ಹತ್ಕೊಂಡ್ತು!"

ನಾನು ಹೋಗುವಷ್ಟರಲ್ಲಿ ಅವನು ಮುಂದಿನ ಮನೆಗೆ ಹೋಗಿದ್ದ. ಅಲ್ಲಿಂದ ಹಿಟ್ಟಿನ ಗಿರಣಿ ಬೋರಣ್ಣನ ಹತ್ತಿರ. ಅರ್ಧ ಗಂಟೆ ಕಳೆದು ಮನೆಗೆ ಬಂದಾಗ ಸರ್ವಮಂಗಳಮ್ಮ ಶಾಂತವಾಗಿ ಅಂದಳಂತೆ, "ಅದನ್ನ ಹಾಕಿದ್ದು ನಾನು ಕಣ್ರೀ." ಆಗ ಅವನ ಮುಖ ಹೇಗಾಯಿತೋ ನೋಡುವ ಭಾಗ್ಯ ನನಗಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಬಹಳ ಆಮೇಲೆ. ಬುದ್ಧಿ ಇರುವವನು ಮಾರನೆಯ ದಿನ ನಾಲ್ಕು ಮನೆಗೆ ಹೋಗಿ "ತಪ್ಪು ತಿಳ್ಕೊಂಡಿದ್ದೆ" ಎಂದು ಹೇಳಿ ನಕ್ಕು ಬರುತ್ತಿದ್ದ. ಇವನು ಹೆಂಡತಿಯ ಮುಂದೆ ಕೈಜೋಡಿಸಿದ.

"ಬೀದಿಗೆಲ್ಲ ಹೇಳ್ಬಿಟ್ಟಿದೀನಿ. ನಾಳೆ ನೋಡೋಕೆ ಬರ್ತಾರೆ. ಒಂದೇ ಒಂದು ಸಲ. ನಾನಿಲ್ಲಿ ಟಕ್ ಅನ್ನಿಸ್ತೀನಿ, ನೀನಲ್ಲಿ ಹಾಕು. ಇನ್ನೊಂದ್ಸಲ ಟಕ್ ಅಂದ್ರೆ ಆರಿಸು."

ಗೋಡೆಯ ತೂತಿನಿಂದ ಟಕ್ ಎಂಬ ಸದ್ದು ಒಲೆಯ ಪಕ್ಕದಲ್ಲಿದ್ದವರಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಒಂದೇ ಒಂದು ಸಲ ಎಂದದ್ದು ಎರಡು ತಿಂಗಳು ನಡೆಯಿತು.

ಆ ಪ್ರದರ್ಶನಗಳನ್ನು ವರ್ಣಿಸಲು ನನಗೆ ನಾಚಿಕೆಯಾಗುತ್ತದೆ, ಆದರೂ ವರ್ಣಿಸುತ್ತೇನೆ. ಸಂಜೆ ಅವನ ಹಜಾರದಲ್ಲಿ ಜನ ಕೂರುತ್ತಿದ್ದರು. ಶಂಭುಲಿಂಗಪ್ಪ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು, ಬೇರೆಲ್ಲೋ ನೋಡುತ್ತ, ಸಲೀಸಾಗಿ ಟಕ್ ಅನ್ನಿಸುತ್ತಿದ್ದ. ರೇಡಿಯೋ ಬಿಸಿಯಾಗಿ ಮಾತಾಡಲು ಅರ್ಧ ನಿಮಿಷ ಬೇಕಲ್ಲ, ಆ ಅರ್ಧ ನಿಮಿಷ ಅವನು ಅಮೆರಿಕದ ಬಗ್ಗೆ ಭಾಷಣ ಮಾಡುತ್ತಿದ್ದ. ಅಮೆರಿಕಕ್ಕೆ ಹೋಗಿಬಂದ ಅನಂತರಾಮು ಕೂಡ ಅಷ್ಟು ಹೇಳುತ್ತಿರಲಿಲ್ಲ.

"ಅದ್ಯಾಕೆ ತಡ ಆಯ್ತದೆ?" ಎಂದು ಚಿಕ್ಕಬೈರಪ್ಪ ಮೊದಲ ದಿನವೇ ಕೇಳಿದ. ಶಂಭುಲಿಂಗಪ್ಪ ತಬ್ಬಿಬ್ಬಾಗಿ ನನ್ನ ಕಡೆ ನೋಡಿದ. ಎಲ್ಲರೂ ನನ್ನ ಕಡೆ ನೋಡಿದರು. ವಿಜ್ಞಾನದ ಮೇಷ್ಟ್ರು ಸುಮ್ಮನಿರುವುದುಂಟೆ? "ತರಂಗಗಳು ಮೊದಲು ಎದುರು ಗೋಡೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಬಂದು ಪೆಟ್ಟಿಗೆಗೆ ಸೇರಬೇಕು. ಗಾಳಿಯಲ್ಲಿ ತೇವ ಇದ್ದರೆ ಇನ್ನೂ ತಡ" ಎಂದು ವಿವರಿಸಿದೆ. ಎಲ್ಲರೂ ತೃಪ್ತರಾದರು. ನಾನು ಇನ್ನೂ ಹೆಚ್ಚು ತೃಪ್ತನಾದೆ. ಆಮೇಲೆ ಬಂದವರಿಗೆಲ್ಲ ಈ ವಿವರಣೆ ಕೊಡುವ ಕೆಲಸ ನನ್ನ ಪಾಲಿಗೇ ಬಂತು, ಜೊತೆಗೆ ಒಂದು ಲೋಟ ಕಾಫಿ.

ಆ ಕಾಫಿಯನ್ನು ಮಾಡುತ್ತಿದ್ದವಳು ಸರ್ವಮಂಗಳಮ್ಮ. ಒಂದು ಕೈ ಸ್ವಿಚ್ಚಿನ ಮೇಲೆ, ಒಂದು ಕೈ ಹಾಲಿನ ಪಾತ್ರೆಯ ಮೇಲೆ. ಕಿಟಕಿಯಿಲ್ಲದ ಅಡಿಗೆಮನೆ, ಸೌದೆ ಒಲೆ. ಹೊಗೆಗೆ ಆಕೆಯ ಕಣ್ಣು ಯಾವಾಗಲೂ ಕೆಂಪಗಿರುತ್ತಿದ್ದವು. ನಾಲ್ಕು ವರ್ಷದ ಹಿಂದೆ, ಸಣ್ಣ ಸಂಬಳದವರಿಗೆ ಜಯನಗರದ ಹೊಸ ಬ್ಲಾಕಿನಲ್ಲಿ ಸೈಟು ಹಂಚುತ್ತಾರೆಂದು ತಿಳಿದಾಗ, ಆಕೆಯೇ ಹಟ ಹಿಡಿದು ಗಂಡನ ಕೈಯಲ್ಲಿ ಅರ್ಜಿ ಹಾಕಿಸಿದ್ದಳು. ಮೂವತ್ತು ನಲವತ್ತರ ಸೈಟು. ನನ್ನ ಹೆಂಡತಿ ಕಮಲಾದೇವಿಯ ಹತ್ತಿರ ಆಕೆ ಆಡುತ್ತಿದ್ದದ್ದು ಒಂದೇ ಮಾತು: "ಮಿಕ್ಕಿದ್ದು ಹೆಂಗಾದ್ರೂ ಇರ್ಲಿ ಕಮಲಕ್ಕ, ಅಡಿಗೆಮನೆಗೆ ಪೂರ್ವಕ್ಕೊಂದು ದೊಡ್ಡ ಕಿಟಕಿ ಇಟ್ಟುಬಿಡ್ತೀನಿ."

ಈ ಮಧ್ಯೆ ಬೀದಿ ತನ್ನ ಕೆಲಸ ಮಾಡುತ್ತಿತ್ತು. ರೇಡಿಯೋ ಹತ್ತಿಸುವ ಪೆಟ್ಟಿಗೆಯೇ ಬಂದಿದೆ ಅಂದಮೇಲೆ ಟೆಲಿವಿಷನ್ ಬಂದಿಲ್ಲದೆ ಇರುತ್ತದೆಯೇ? ಚಿಕ್ಕಬೈರಪ್ಪನ ಹೆಂಡತಿ ಅಕ್ಕಯಮ್ಮನಿಗೆ ಅನುಮಾನವೇ ಇರಲಿಲ್ಲ. "ಒಳಗಡೆ ಕೋಣೇಲಿ ಮಡಗವ್ರೆ. ನಮ್ಗೆ ಬರೀ ಮಾತು ಕೇಳಿಸ್ತಾರೆ, ಮೊಕ ತೋರ್ಸಲ್ಲ. ಬಾಗ್ಲು ಹಾಕ್ಕೊಂಡು ಗಂಡ ಹೆಂಡ್ತಿ ಇಬ್ರೇ ನೋಡ್ತಾರೆ" ಎಂದು ನಲ್ಲಿಯ ಹತ್ತಿರ ಸಾರಿದಳು. ವಾರದಲ್ಲಿ ಶಂಭುಲಿಂಗಪ್ಪನ ಔಟ್‌ಹೌಸಿಗೆ ಟೆಲಿವಿಷನ್ ಮನೆ ಎಂಬ ಹೆಸರು ಬಿತ್ತು. ಶಂಭುಲಿಂಗಪ್ಪ ಅದನ್ನು ಅಲ್ಲಗಳೆದನೇ? "ಛೆ, ಅಂಥಾದ್ದೇನಿಲ್ಲ ಬಿಡಿ" ಎಂದು ಹೇಳಿ ಒಂದು ಥರಾ ನಗುತ್ತಿದ್ದ. ಅಂಥ ನಗೆಯ ಮುಂದೆ ಹೌದು ಎನ್ನುವುದೇ ವಾಸಿ.

ಹೀಗೆ ತಲೆ ತಿರುಗಿದ ಮನುಷ್ಯ ಒಂದು ಭಾನುವಾರ ಎಡವಿದ. ಅವತ್ತು ಬೋರಣ್ಣ ಗಿರಣಿ ಮುಚ್ಚಿ, ಮೈಮೇಲಿನ ಹಿಟ್ಟು ಕೊಡವಿಕೊಂಡು, ಮೊದಲ ಸಲ ನೋಡಲು ಬಂದಿದ್ದ. ಅವನ ಬೆರಗು ಕಂಡು ಶಂಭುಲಿಂಗಪ್ಪನಿಗೆ ಅಮಲೇರಿತು. ರಿಮೋಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಅಂದ:

"ಬೋರಣ್ಣ, ಈ ಮನೇಲಿ ಹೇಳಿದ ಮಾತು ಅರ್ಥ ಮಾಡ್ಕೊಳೋ ವಸ್ತು ಅಂತಿದ್ರೆ ಇದೊಂದೇ ಕಣಪ್ಪ."

ಗೋಡೆಯಲ್ಲಿ ತೂತಿದೆ ಎಂಬುದನ್ನು ಅವನೇ ಮರೆತಿದ್ದ. ಒತ್ತಿದ. ಟಕ್. ಅಮೆರಿಕದ ಭಾಷಣ ಶುರುಮಾಡಿದ. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು. ಭಾಷಣ ನ್ಯೂಯಾರ್ಕ್ ದಾಟಿ ಹೋಯಿತು. ರೇಡಿಯೋ ಉಸಿರೆತ್ತಲಿಲ್ಲ. ಮತ್ತೆ ಟಕ್. ಮತ್ತೆ ಟಕ್ ಟಕ್. ಒಳಗಿನಿಂದ ಒರಳಿನಲ್ಲಿ ಏನನ್ನೋ ಜೋರಾಗಿ ಕುಟ್ಟುವ ಸದ್ದು ಮಾತ್ರ ಬಂತು.

"ಕೆಟ್ಟೋಗಿರ್ಬೇಕು," ಎಂದ ಚಿಕ್ಕಬೈರಪ್ಪ.

ಅಲ್ಲಿಂದ ಮುಂದೆ ನಡೆದ ರಿಪೇರಿಯನ್ನು ಅಮೆರಿಕದವರು ನೋಡಿದ್ದರೆ ಕಾರ್ಖಾನೆ ಮುಚ್ಚುತ್ತಿದ್ದರು. ಬೋರಣ್ಣ ರಿಮೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಬೆಲ್ಟು ಸಡಿಲ ಆಗೈತೆ. ನನ್ ಗಿರಣೀದೂ ಹಿಂಗೇ ಆಯ್ತದೆ. ಸ್ವಲ್ಪ ರಾಳ ಹಚ್ಚಿದ್ರೆ ಬಿಗಿಯಾಗಿ ಹಿಡ್ಕೊಳ್ಳುತ್ತೆ" ಎಂದ. ಚಿಕ್ಕಬೈರಪ್ಪ ಅದನ್ನು ಕಿತ್ತುಕೊಂಡ. "ಬೆಲ್ಟೂ ಇಲ್ಲ ಗಿಲ್ಟೂ ಇಲ್ಲ. ನನ್ ಪಂಪ್‌ಸೆಟ್ಟು ನೀರೆತ್ತದೆ ನಿಂತ್ರೆ ಏನ್ ಮಾಡ್ತಿದ್ದೆ? ಒಳಗಡಿಕ್ಕೆ ಒಂದು ತಂಬಿಗೆ ನೀರು ಹುಯ್ತಿದ್ದೆ. ಗಾಳಿ ತುಂಬ್ಕೊಂಡಿರ್ತದೆ ಸ್ವಾಮಿ. ತನ್ನಿ ಒಂದು ತಂಬಿಗೆ!" ಶಂಭುಲಿಂಗಪ್ಪ ಎರಡು ಕೈಯಲ್ಲೂ ಅವನ ಕೈ ಹಿಡಿದುಕೊಂಡ. ಅಷ್ಟರಲ್ಲಿ ಅಕ್ಕಯಮ್ಮ ಉಪ್ಪು ಮೆಣಸಿನಕಾಯಿ ತಂದು ಮೂರು ಸಲ ದೃಷ್ಟಿ ತೆಗೆದಳು. "ಬೀದಿ ಕಣ್ಣೆಲ್ಲ ಇದ್ರ ಮೇಲೇ ಐತೆ" ಎಂದಳು, ಬೀದಿಯಲ್ಲಿ ಅತಿ ದೊಡ್ಡ ಕಣ್ಣು ತನ್ನದೇ ಎಂಬುದನ್ನು ಮರೆತು. ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು. ನಾನು ಎದ್ದು ಕಿಟಕಿ ತೆಗೆದೆ. "ತೇವ," ಎಂದೆ.

ಎಲ್ಲರೂ ಹೋದ ಮೇಲೆ ಶಂಭುಲಿಂಗಪ್ಪ ಅಡಿಗೆಮನೆಯ ಹೊಸ್ತಿಲಲ್ಲಿ ಕೂತ. ಅಮೆರಿಕದ ಯಂತ್ರಕ್ಕೆ ನಿಜವಾದ ರಿಪೇರಿ ನಡೆದದ್ದು ಅಲ್ಲಿ. ಮಧ್ಯದ ಗೋಡೆ ತೆಳುವಾಗಿದ್ದರಿಂದ ಮಾತುಕತೆಯ ಸದ್ದು ಕಮಲಾದೇವಿಯ ಕಿವಿಗೂ ಬಿದ್ದಿತ್ತು. ಅದು ಯಾತರ ಮಾತೆಂದು ಆಕೆಗೆ ಆಗ ಅರ್ಥವಾಗಲಿಲ್ಲವಂತೆ.

"ನಾನು ಹಾಕಲ್ಲ," ಎಂದಳು ಸರ್ವಮಂಗಳಮ್ಮ. "ಅರ್ಥ ಮಾಡ್ಕೊಳೋ ವಸ್ತು ನಿಮ್ಮ ಕೈಲೇ ಇದೆಯಲ್ಲ, ಅದಕ್ಕೇ ಹೇಳಿ."

"ಬಾಯಿ ತಪ್ಪಿ ಬಂತು ಮಾರಾಯ್ತಿ. ಜನದ ಮುಂದೆ ಸಾವಿರ ಅಂತಿರ್ತೀನಿ. ಅದನ್ನೆಲ್ಲ ಯಾಕೆ ಕೇಳಿಸ್ಕೊಳ್ತೀಯಾ? ಇನ್ಮೇಲೆ ಹಜಾರದಲ್ಲಿ ನಾನು ಏನೇ ಅರಚಲಿ, ಬೇಡ ಅಂತ ಬಡ್ಕೊಳ್ಳಲಿ, ಕಿವಿ ಕೊಡ್ಬೇಡ. ಟಕ್ ಅಂದ್ರೆ ಸಾಕು. ಒಂದ್ಸಲ ಟಕ್ ಅಂದ್ರೆ ಹಾಕು, ಇನ್ನೊಂದ್ಸಲ ಟಕ್ ಅಂದ್ರೆ ಆರಿಸು. ಆಣೆ ಮಾಡು."

ಆಕೆ ಒಲೆಗೊಂದು ಸೌದೆ ನೂಕಿದಳು. "ಸೈಟು ಬಂದ್ರೆ ಅಡಿಗೆಮನೆಗೆ ಪೂರ್ವದ ಕಿಟಕಿ ಇಡಿಸ್ತೀರಾ?"

"ಎರಡು ಇಡಿಸ್ತೀನಿ."

"ಹಾಗಾದ್ರೆ ಸರಿ. ಇನ್ನು ನಿಮ್ಮ ಮಾತಿಗೆ ಕಿವಿ ಕೊಡಲ್ಲ. ಟಕ್ ಒಂದೇ."

ರಿಮೋಟು ರಿಪೇರಿಯಾಯಿತು. ಮಾರನೆಯ ದಿನ ಒಂದೇ ಏಟಿಗೆ ಹತ್ತಿತು. ಕಿಟಕಿ ತೆಗೆದದ್ದರಿಂದಲೇ ಎಂದು ನಾನು ಶಾಲೆಯಲ್ಲೂ ಹೇಳಿದೆ.

ಎರಡು ವಾರ ಕಳೆದಿರಬೇಕು. ಒಂದು ಸಂಜೆ, ಕನ್ನಡಕ ಹಾಕಿಕೊಂಡ ತೆಳ್ಳಗಿನ ಮನುಷ್ಯನೊಬ್ಬ ಸೈಕಲ್ ತಳ್ಳಿಕೊಂಡು ಗಿರಣಿಯ ಹತ್ತಿರ ಶಂಭುಲಿಂಗಪ್ಪನ ವಿಳಾಸ ಕೇಳಿದ. "ಯಾರು, ಟೆಲಿವಿಷನ್ ಮನೆಯೋರಾ?" ಎಂದ ಬೋರಣ್ಣ. ಆ ಮನುಷ್ಯ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ. "ಟೆಲಿವಿಷನ್ನಾ?" ಎಂದ. ಬೋರಣ್ಣ ಎರಡು ತಿಂಗಳ ಇತಿಹಾಸವನ್ನೆಲ್ಲ ಹೇಳುತ್ತ ಅವನನ್ನು ಖುದ್ದು ಕರೆದುಕೊಂಡು ಬಂದ. ಗೇಟಿನಲ್ಲಿ ಅಕ್ಕಯಮ್ಮ ಸೇರಿಕೊಂಡಳು, ಜಗಲಿಯಲ್ಲಿ ಚಿಕ್ಕಬೈರಪ್ಪ, ಹಿತ್ತಲಲ್ಲಿ ನಾನು.

ಶಂಭುಲಿಂಗಪ್ಪ ಆಗ ತಾನೆ ಆಫೀಸಿನಿಂದ ಬಂದು ಕೂತಿದ್ದ. ಹೊಸ ಮುಖ ಕಂಡದ್ದೇ ಅರಳಿದ. "ಬನ್ನಿ ಸಾರ್, ಬನ್ನಿ. ನೋಡೋಕೆ ಬಂದ್ರಾ? ದಿನಾ ಯಾರಾದ್ರೂ ಬರ್ತಾನೇ ಇರ್ತಾರೆ. ಇಡೀ ಬೆಂಗಳೂರಿಗೆ ಇದೊಂದೇ ಇರೋದು. ಇದರ ಬೆಲೆ ಕೇಳ್ಬೇಡಿ, ನೀವು ಕೂತ್ಕೋಬೇಕಾಗುತ್ತೆ!"

ಬಂದವರು ಕೂತರು. ಚೀಲದಿಂದ ಒಂದು ಕಡತ ತೆಗೆದರು. "ನನ್ನ ಹೆಸರು ರಾಮಪ್ರಸಾದ. ಸೈಟು ಹಂಚೋ ಬೋರ್ಡಿನಿಂದ ಅರ್ಜಿ ತನಿಖೆಗೆ ಬಂದಿದ್ದೀನಿ. ನಿಮ್ಮ ಹೆಸರು ಈ ಸಲದ ಪಟ್ಟೀಲಿದೆ. ಅರ್ಜಿದಾರರು ಅನುಕೂಲಸ್ಥರಲ್ಲ ಅಂತ ನಾನು ಬರೆದುಕೊಟ್ರೆ ಸೈಟು ಮಂಜೂರು. ಅರ್ಜೀಲಿ ಹಳೇ ರೇಡಿಯೋ ಒಂದಿದೆ ಅಂತ ಬರೆದಿದ್ದೀರಿ. ಟೆಲಿವಿಷನ್ ಬಗ್ಗೆ ಬರೆದೇ ಇಲ್ಲ?"

ಶಂಭುಲಿಂಗಪ್ಪನ ಕಾಲು ತಾನಾಗಿ ಕಾಲಮೇಲಿನಿಂದ ಇಳಿಯಿತು. ಅವನ ಮುಖದಲ್ಲಿದ್ದ ರಕ್ತವೆಲ್ಲ ಎಲ್ಲಿಗೋ ವರ್ಗವಾಗಿ ಹೋಯಿತು.

"ಟೆಲಿವಿಷನ್ನಾ? ಎಲ್ಲಿ ಸಾರ್? ನಮ್ಮಂಥ ಬಡವರ ಮನೇಲಿ!"

"ನಾವೆಲ್ಲ ನೋಡಿದೀವಲ್ಲ ಬುದ್ಧಿ," ಎಂದಳು ಅಕ್ಕಯಮ್ಮ ಅಭಿಮಾನದಿಂದ. "ಒತ್ತಿದ್ರೆ ಹತ್ಕತ್ತದೆ. ಕೈಲೇ ಐತೆ ನೋಡಿ ಆ ಟಕ್ ಪೆಟ್ಗೆ."

"ಇದಾ? ಇದು ಯಾತಕ್ಕೂ ಬರದ ಡಬ್ಬ ಸಾರ್! ಮಕ್ಕಳ ಆಟದ ಸಾಮಾನು. ಕೆಲಸಾನೇ ಮಾಡಲ್ಲ. ಬೇಕಾದ್ರೆ ನೋಡಿ." ಅನ್ನುತ್ತ ಅವನು, ತನ್ನ ಬಡತನವನ್ನು ಸಾಬೀತುಪಡಿಸುವ ಆವೇಶದಲ್ಲಿ, ರೇಡಿಯೋ ಕಡೆಗೆ ಗುರಿಯಿಟ್ಟು ಒತ್ತಿದ.

ಟಕ್.

ಏನೂ ಆಗಲಿಲ್ಲ. "ನೋಡಿದ್ರಾ? ನೋಡಿದ್ರಾ?" ಎಂದು ಅವನು ಹಿಗ್ಗಿದ. ರಾಮಪ್ರಸಾದ ನಕ್ಕು, ಪೆನ್ನಿನ ಮುಚ್ಚಳ ತೆಗೆದು, ಕಡತದಲ್ಲಿ ಬರೆಯಲು ಬಗ್ಗಿದರು. ಇಂಥ ಒಳ್ಳೆಯ ಅರ್ಧ ನಿಮಿಷ ಶಂಭುಲಿಂಗಪ್ಪನ ಬಾಳಿನಲ್ಲಿ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ಒಳಗೆ ಸರ್ವಮಂಗಳಮ್ಮ ಹಪ್ಪಳ ಕರಿಯುತ್ತಿದ್ದಳು. ಎಣ್ಣೆಯ ಸದ್ದಿನಲ್ಲಿ ಯಾರು ಬಂದರು, ಏನು ಮಾತು ಎಂದು ಆಕೆಗೆ ಗೊತ್ತಿರಲಿಲ್ಲ, ಕೇಳಿಸಿಕೊಳ್ಳಬಾರದೆಂಬ ಆಣೆಯೂ ಇತ್ತು. ತೂತಿನಿಂದ ಬಂದ ಟಕ್ ಮಾತ್ರ ಕೇಳಿಸಿತ್ತು.

ರೇಡಿಯೋದ ದೀಪ ಹಳದಿಯಾಗಿ ಹತ್ತಿತ್ತು. ಅದನ್ನು ಮೊದಲು ಕಂಡವನು ಶಂಭುಲಿಂಗಪ್ಪ. ಒಂದೇ ನೆಗೆತಕ್ಕೆ ಹೋಗಿ ದೀಪಕ್ಕೆ ಬೆನ್ನು ಅಡ್ಡ ಕೊಟ್ಟು ನಿಂತು ಅರಚಿದ, "ಸರ್ವಮಂಗಳಾ! ಬೇಡ! ಬೇಡ ಕಣೇ!"

ಸರ್ವಮಂಗಳಮ್ಮ ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ. ಅವನ ಮಾತಿಗೆ ಕಿವಿ ಕೊಡಲಿಲ್ಲ.

"ರೈತ ಬಾಂಧವರೇ!" ಎಂದಿತು ರೇಡಿಯೋ ಅವನ ಬೆನ್ನ ಹಿಂದಿನಿಂದ, ಗಂಟಲು ಬಿಚ್ಚಿ. "ರಾಗಿ ಪೈರಿಗೆ ಗೊಬ್ಬರ ಹಾಕಲು ಇದೇ ತಕ್ಕ ಸಮಯ."

ಗಾಬರಿಯಲ್ಲಿ ಶಂಭುಲಿಂಗಪ್ಪ ಇನ್ನೊಮ್ಮೆ ಒತ್ತಿಬಿಟ್ಟ. ಟಕ್. ರೇಡಿಯೋ ತಕ್ಷಣ ಬಾಯಿ ಮುಚ್ಚಿತು. ಹಾಕಿದ್ದೂ ಆಯಿತು, ಆರಿಸಿದ್ದೂ ಆಯಿತು. ಎರಡು ತಿಂಗಳಲ್ಲಿ ಇಷ್ಟು ಅಚ್ಚುಕಟ್ಟಾದ ಪ್ರದರ್ಶನ ನಡೆದಿರಲಿಲ್ಲ. ಚಿಕ್ಕಬೈರಪ್ಪ ತೊಡೆ ತಟ್ಟಿಕೊಂಡು, "ಹೆಂಗೆ!" ಎಂದು ರಾಮಪ್ರಸಾದರ ಕಡೆ ನೋಡಿದ.

ರಾಮಪ್ರಸಾದ ಕನ್ನಡಕ ತೆಗೆದು ಒರೆಸಿಕೊಂಡರು. "ಶಂಭುಲಿಂಗಪ್ಪನವರೇ, ಕೂತಲ್ಲಿಂದ ರೇಡಿಯೋ ಹಾಕೋ ಯಂತ್ರ ನಮ್ಮ ಛೇರ್ಮನ್ನರ ಮನೇಲೂ ಇಲ್ಲ. ನಿಮ್ಮನ್ನ ಬಡವರು ಅಂತ ನಾನು ಹೇಗೆ ಬರೀಲಿ?"

ಆ ಹೊತ್ತಿಗೆ ಸರ್ವಮಂಗಳಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಿದ್ದಳು. ಕಡತ ಕಂಡಳು, ಗಂಡನ ಮುಖ ಕಂಡಳು. ಆಕೆಗೆ ಎಲ್ಲ ಅರ್ಥವಾಯಿತು.

"ಹಾಕಿದ್ದು ನಾನು ಸಾರ್," ಎಂದಳು.

"ಏನು?"

"ರೇಡಿಯೋನ. ಮೊದಲಿಂದಲೂ ನಾನೇ ಹಾಕ್ತಿರೋದು. ಬನ್ನಿ ತೋರಿಸ್ತೀನಿ."

ಎಲ್ಲರೂ ಆ ಹೊಗೆಯಲ್ಲಿ ತಲೆ ತೂರಿಸಿದೆವು. ಆಕೆ ಸ್ವಿಚ್ಚು ತೋರಿಸಿದಳು, ತೂತು ತೋರಿಸಿದಳು. ಹಾಕಿ ತೋರಿಸಿದಳು, ಆರಿಸಿ ತೋರಿಸಿದಳು. ಆಮೇಲೆ ಕೈಕಟ್ಟಿ ನಿಂತು, "ರೀ, ಈಗ ಒತ್ತಿ" ಎಂದಳು. ಶಂಭುಲಿಂಗಪ್ಪ ಹಜಾರದಿಂದ ಒತ್ತಿದ. ಟಕ್. ಟಕ್. ಟಕ್. ಹಪ್ಪಳದ ಬಾಣಲೆ ಬಿಟ್ಟರೆ ಬೇರೇನೂ ಮಾತಾಡಲಿಲ್ಲ.

ರಾಮಪ್ರಸಾದ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಿಜವಾಗಿ ಒಳ್ಳೆಯ ಮನುಷ್ಯ. ಹಜಾರಕ್ಕೆ ಬಂದು ಕೂತು ಒಂದು ಹಾಳೆಯ ಮೇಲೆ ಮಹಜರು ಬರೆದು ಓದಿದರು: "ಅರ್ಜಿದಾರರ ಮನೆಯಲ್ಲಿ ಟೆಲಿವಿಷನ್ ಇರುವುದಿಲ್ಲ. ಅವರ ಕೈಯಲ್ಲಿರುವ ಸಾಧನ ಕೆಲಸ ಮಾಡುವುದಿಲ್ಲ. ರೇಡಿಯೋವನ್ನು ಅಡಿಗೆಮನೆಯಿಂದ ಅವರ ಪತ್ನಿ ಹಾಕುತ್ತಿದ್ದು, ನೆರೆಯವರಾದ ನಾವು ಇದನ್ನು ತಿಳಿಯದೆ ಮೋಸಹೋಗಿದ್ದೆವು." ಮೂವರು ನೆರೆಯವರ ಸಹಿ ಬೇಕೆಂದು ಪೆನ್ನು ಚಾಚಿದರು. "ಇಷ್ಟಾದ್ರೆ ಸೈಟು ಬಂದ ಹಾಗೇ ಅಂತ ತಿಳ್ಕೊಳ್ಳಿ ಅಮ್ಮ."

ಸರ್ವಮಂಗಳಮ್ಮನ ಮುಖ ಆಗ ನೋಡಬೇಕಿತ್ತು. ಕೆಂಪು ಕಣ್ಣಿನಲ್ಲಿ ನೀರು ನಿಂತಿತ್ತು, ಅದು ಹೊಗೆಯದಲ್ಲ.

ಪೆನ್ನು ಮೊದಲು ಚಿಕ್ಕಬೈರಪ್ಪನ ಹತ್ತಿರ ಹೋಯಿತು. "ಮೋಸಹೋದ್ವಿ ಅಂದ್ರೆ? ನಾನೇನು ದಡ್ಡನಾ? ಬೈರಸಂದ್ರದಾಗೆ ಅರ್ಧ ಜನ ನನ್ನ ಮಾತು ಕೇಳಿ ಕೆಲ್ಸ ಮಾಡ್ತಾರೆ. ನಾನು ಕಂಡಿದ್ದು ಕಂಡಿದ್ದೇ. ಪೆಟ್ಗೆ ಹತ್ಕಂಡದ್ದು ನಿಜ." ಪೆನ್ನು ಬೋರಣ್ಣನ ಹತ್ತಿರ ಹೋಯಿತು. ಬೋರಣ್ಣ ಕೈ ಹಿಂದಕ್ಕೆ ಕಟ್ಟಿಕೊಂಡ. "ಗಿರಣೀಗೆ ಬರೋರಿಗೆಲ್ಲ ನಾನೇ ಹೇಳಿದೀನಿ ಸಾರ್. ಈಗ ಸುಳ್ಳು ಅಂದ್ರೆ ನಾಳೆ ನನ್ ತೂಕದ ಮೇಲೂ ಅನುಮಾನ ಪಡ್ತಾರೆ."

ಪೆನ್ನು ನನ್ನ ಹತ್ತಿರ ಬಂತು.

ಇಡೀ ಬೀದಿಗೆ ತೇವದ ಸಿದ್ಧಾಂತ ಕಲಿಸಿದವನು ನಾನು. ಶಾಲೆಯಲ್ಲಿ ನಲವತ್ತು ಹುಡುಗರ ಕೈಯಲ್ಲಿ ಚಿತ್ರ ಸಹಿತ ಬರೆಸಿದ್ದೆ. ಸರ್ವಮಂಗಳಮ್ಮ ನನ್ನನ್ನೇ ನೋಡುತ್ತಿದ್ದಳು. "ವಿಜ್ಞಾನದ ದೃಷ್ಟಿಯಿಂದ ಇನ್ನೂ ಪರಿಶೀಲನೆ ಆಗ್ಬೇಕು" ಎಂದು ಹೇಳಿ ನಾನು ಪೆನ್ನನ್ನು ಹಿಂದಕ್ಕೆ ಕೊಟ್ಟೆ. ಶಂಭುಲಿಂಗಪ್ಪನನ್ನು ಇಷ್ಟು ಹೊತ್ತು ಬೈದೆನಲ್ಲ, ಅದರಲ್ಲಿ ನನ್ನ ಪಾಲನ್ನು ನೀವೇ ಲೆಕ್ಕ ಹಾಕಿಕೊಳ್ಳಿ.

ರಾಮಪ್ರಸಾದ ನಿಟ್ಟುಸಿರುಬಿಟ್ಟರು. "ಹೋಗ್ಲಿ. ನೆರೆಯವರ ಸಾಲು ಹೊಡೆದುಹಾಕ್ತೀನಿ. ಅರ್ಜಿದಾರರು ತಾವೇ ಒಪ್ಕೊಂಡು ಸಹಿ ಹಾಕಿದ್ರೂ ಸಾಕು. ತಗೊಳ್ಳಿ." ಹೆಂಡತಿಯೇ ಪೆನ್ನು ತೆಗೆದುಕೊಂಡು ಗಂಡನ ಬೆರಳ ಸಂದಿಗೆ ಇಟ್ಟಳು.

ಶಂಭುಲಿಂಗಪ್ಪ ಹಾಳೆಯನ್ನು ಓದಿದ. ಇನ್ನೊಮ್ಮೆ ಓದಿದ. ಪೆನ್ನಿನ ಮೊನೆ ಕಾಗದಕ್ಕೆ ತಾಗಿತ್ತು. ಆಗ ಅಕ್ಕಯಮ್ಮ ತನ್ನ ಗಂಡನ ಕಿವಿಯಲ್ಲಿ, ಬೀದಿಯ ಕೊನೆಗೂ ಕೇಳುವಂತೆ, ಪಿಸುಗುಟ್ಟಿದಳು. "ಅಂಗಾರೆ ಇಷ್ಟು ದಿನ ಈವಯ್ಯ ಹೆಂಡ್ತಿ ಕೈಲಿ ಸ್ವಿಚ್ ಹಾಕ್ಸಿ ಕುರ್ಚೀಲಿ ಮೆರೀತಿದ್ನಾ? ಥೂ!"

ಪೆನ್ನು ನಿಂತಿತು.

"ಸಾರ್," ಎಂದ ಶಂಭುಲಿಂಗಪ್ಪ, "ಸಾಧನ ಕೆಲಸ ಮಾಡುವುದಿಲ್ಲ ಅಂತ ಬರೆದಿದ್ದೀರಲ್ಲ. ಅದನ್ನ ಆಗಾಗ ಮಾಡುತ್ತದೆ ಅಂತ ತಿದ್ದಬಹುದಾ?"

"ಮಾಡುತ್ತಾ?"

"ರೀ," ಎಂದಳು ಸರ್ವಮಂಗಳಮ್ಮ.

ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ಬೆನ್ನು ನೆಟ್ಟಗೆ ಮಾಡಿದ. "ಮಾಡುತ್ತೆ ಸಾರ್," ಎಂದ. "ಇವತ್ತು ಮಾತ್ರ ಇವಳು ಏನೋ ತಪ್ಪಿ ಸ್ವಿಚ್ಚು ಮುಟ್ಟಿದ್ದಾಳೆ. ಹೆಂಗಸರು, ಗೊತ್ತಾಗಲ್ಲ. ಯಂತ್ರ ಚೆನ್ನಾಗೇ ಇದೆ."

ಚಿಕ್ಕಬೈರಪ್ಪ, "ನಾನ್ ಹೇಳ್ಲಿಲ್ವಾ!" ಎಂದ. ಬೋರಣ್ಣ ನಿರಾಳವಾಗಿ ಉಸಿರುಬಿಟ್ಟ. ನಾನೂ ಬಿಟ್ಟೆ. ನಮ್ಮೆಲ್ಲರ ಮಾನ ಉಳಿಯಿತು. ರಾಮಪ್ರಸಾದ ಮಹಜರನ್ನು ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡು, ಕಡತದಲ್ಲಿ ಒಂದೇ ಸಾಲು ಬರೆದು, ಸೈಕಲ್ ಹತ್ತಿ ಹೋದರು. ಸರ್ವಮಂಗಳಮ್ಮ ಒಳಗೆ ಹೋಗಿ ಕಪ್ಪಾಗಿದ್ದ ಹಪ್ಪಳವನ್ನು ಎಣ್ಣೆಯಿಂದ ತೆಗೆದಳು.

ಆ ಸೈಟು ಬೇರೆ ಯಾರಿಗೋ ಮಂಜೂರಾಯಿತು. ಅಲ್ಲೀಗ ಮನೆ ಎದ್ದಿದೆ. ಮಾರುಕಟ್ಟೆಗೆ ಹೋಗುವಾಗ ಕಾಣುತ್ತದೆ, ಅಡಿಗೆಮನೆಗೆ ಪೂರ್ವದ ಕಿಟಕಿಯಿದೆ. ಸರ್ವಮಂಗಳಮ್ಮ ಆ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತಾಳೆಂದು ಕಮಲಾದೇವಿ ಹೇಳುತ್ತಾಳೆ. ನನಗೆ ಇವತ್ತಿಗೂ ಆಕೆಯ ಮುಖ ನೋಡಿ ಮಾತಾಡಲು ಆಗುವುದಿಲ್ಲ.

ಅವತ್ತಿನಿಂದ ಆಕೆ ಆ ಸ್ವಿಚ್ಚನ್ನು ಮುಟ್ಟಿಲ್ಲ. ಟಕ್ ಎಂದರೂ ಇಲ್ಲ, ಮಾತಿನಲ್ಲಿ ಬೇಡಿಕೊಂಡರೂ ಇಲ್ಲ. ಶಂಭುಲಿಂಗಪ್ಪ ಈಗಲೂ ಸಂಜೆ ಆರಕ್ಕೆ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು ಕೂರುತ್ತಾನೆ. ರೇಡಿಯೋ ಕಡೆ ಗುರಿಯಿಟ್ಟು ಟಕ್ ಅನ್ನಿಸುತ್ತಾನೆ. ಆಮೇಲೆ ಆಚೆ ಈಚೆ ನೋಡಿ, ಎದ್ದು, ಅಡಿಗೆಮನೆಗೆ ಹೋಗಿ, ಸ್ವಿಚ್ಚು ಹಾಕಿ, ಹಿಂದಕ್ಕೆ ಬಂದು, ಮತ್ತೆ ಕಾಲಮೇಲೆ ಕಾಲು ಹಾಕಿಕೊಂಡು ಕಾಯುತ್ತಾನೆ. ಹಿತ್ತಲಲ್ಲಿ ನಾನು ಕಂಡರೆ ಸುಮ್ಮನಿರುವುದಿಲ್ಲ.

"ಇವತ್ತು ಸ್ವಲ್ಪ ನಿಧಾನ ಮೇಷ್ಟ್ರೆ," ಅನ್ನುತ್ತಾನೆ.

"ಗಾಳಿಯಲ್ಲಿ ತೇವ ಇದೆ," ಅನ್ನುತ್ತೇನೆ ನಾನು.